ದುಡ್ಡು ಯಾರದು, ದನಿ ಯಾರದು?

(ಮೈಸೂರಿನ ಸರಸ್ವತಿಪುರಂ. ತರ್ಕಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ಹಳೆಯ ವಿದ್ಯಾರ್ಥಿನಿ, ಈಗ ಒಂದು ಸುದ್ದಿತಾಣದ ವರದಿಗಾರ್ತಿಯಾಗಿರುವ ಸುಮಾ. ತಿಂಗಳ ಬಿಲ್ಲಿಗೆ ಬಂದು ಕಾಫಿಗೆ ಕೂತ ಪತ್ರಿಕಾ ಏಜೆಂಟ್ ಶಂಕರಣ್ಣ.)

ಸುಮಾ: ಸುದ್ದಿ ಕೊಡೋರೆಲ್ಲ ತಮಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದನ್ನ ಹಣೆ ಮೇಲೆ ಬರೆದುಕೊಳ್ಳಲಿ ಮೇಷ್ಟ್ರೇ. ಸರ್ಕಾರದ ದುಡ್ಡಾದರೆ ಸರ್ಕಾರದ್ದು ಅಂತ. ಜನರ ಅನುಮಾನ ಅರ್ಧ ಕಮ್ಮಿ ಆಗುತ್ತೆ.

ಮೇಷ್ಟ್ರು: ಆ ಪ್ರಯೋಗ ಆಗಿಹೋಗಿದೆ ಕಣಮ್ಮ. 2023ರ ಏಪ್ರಿಲ್‌ನಲ್ಲಿ ಟ್ವಿಟರ್‌ನವರು ಬಿಬಿಸಿ ಖಾತೆಗೆ ‘ಸರ್ಕಾರಿ ಅನುದಾನಿತ ಮಾಧ್ಯಮ’ ಅಂತ ಚೀಟಿ ಅಂಟಿಸಿದರು. ಅಮೆರಿಕದ ಎನ್‌ಪಿಆರ್ ರೇಡಿಯೋಗೂ ಅಂಟಿಸಿದರು. ನಮಗೆ ಕೇಂದ್ರ ಸರ್ಕಾರದಿಂದ ನೇರವಾಗಿ ಬರೋದು ಶೇ 1ಕ್ಕಿಂತ ಕಡಿಮೆ ಅಂತ ಎನ್‌ಪಿಆರ್ ಟ್ವಿಟರನ್ನೇ ಬಿಟ್ಟಿತು. ಕೆನಡಾದ ಸಿಬಿಸಿಗೆ ‘ಶೇ 69ರಷ್ಟು ಸರ್ಕಾರಿ ಅನುದಾನಿತ’ ಅಂತ ಬರೆದರು. ತಿಂಗಳು ಮುಗಿಯೋದರೊಳಗೆ ಚೀಟಿಗಳೆಲ್ಲ ಮಾಯ. ಚೀನಾದ ಶಿನ್ಹುವಾ, ರಷ್ಯಾದ ಆರ್‌ಟಿ ಮೇಲೆ ಮೊದಲಿಂದ ಇದ್ದದ್ದೂ ಅದರ ಜೊತೆಗೇ ಹೋಯಿತು. ಇದರಿಂದ ಯಾರ ಅನುಮಾನ ಕಮ್ಮಿಯಾಯಿತು?

ಶಂಕರಣ್ಣ: ಮೇಡಂ, ಚೀಟಿ ಅಂಟಿಸೋದಾದ್ರೆ ನನ್ನ ಸೈಕಲ್ ಮೇಲಿರೋ ಎಲ್ಲಾ ಬಂಡಲ್‌ಗೂ ಅಂಟಿಸಬೇಕಾಯ್ತದೆ. ಸರ್ಕಾರಕ್ಕೆ ವರ್ಷ ತುಂಬಿದ ದಿನ ನೋಡಿ. ಪೇಪರ್ ಎತ್ತಿದ್ರೆ ಮೊದಲನೇ ಪುಟ ಪೂರ್ತಿ ಮುಖ್ಯಮಂತ್ರಿ ಜಾಹೀರಾತು, ತಿರುವಿದ್ರೆ ಪ್ರಧಾನಮಂತ್ರಿದು. ಸುದ್ದಿ ಮೂರನೇ ಪುಟದಿಂದ ಶುರು. ಆ ಪೇಪರ್‌ಗಳೆಲ್ಲ ಖಾಸಗಿಯವೇ.

ಸುಮಾ: ಅದನ್ನ ನಾನು ಒಳಗಿಂದ ನೋಡಿದ್ದೀನಿ. ಹಿಂದೆ ಕೆಲಸ ಮಾಡ್ತಿದ್ದ ದಿನಪತ್ರಿಕೆಯಲ್ಲಿ ಒಂದು ತಾಲ್ಲೂಕಿನ ಶುದ್ಧ ಕುಡಿಯುವ ನೀರಿನ ಘಟಕಗಳು ಕೆಟ್ಟು ನಿಂತಿದ್ದರ ಬಗ್ಗೆ ಬರೆದೆ. ಊರೂರು ಸುತ್ತಿ, ಫೋಟೋ ತೆಗೆದು, ಎಂಜಿನಿಯರ್ ಮಾತನ್ನೂ ಹಾಕಿ ಕೊಟ್ಟೆ. ಅದೇ ವಾರ ಆ ಘಟಕಗಳ ಇಲಾಖೆಯಿಂದ ವಿಶೇಷ ಪುರವಣಿಗೆ ಜಾಹೀರಾತಿನ ರಿಲೀಸ್ ಆರ್ಡರ್ ಬರಬೇಕಿತ್ತು, ಹಳೇ ಬಿಲ್ಲೂ ಬಾಕಿ ಇತ್ತು. ನನ್ನ ವರದಿ ಒಳಪುಟದಲ್ಲಿ ಸಿಂಗಲ್ ಕಾಲಂ ಆಯಿತು, ಫೋಟೋ ಇಲ್ಲ. ಯಾರೂ ಬೈಯಲಿಲ್ಲ, ಯಾರೂ ಫೋನ್ ಮಾಡಿ ತಡೀಲಿಲ್ಲ. ‘ಜಾಗ ಇರಲಿಲ್ಲ’ ಅಂದರು ಅಷ್ಟೇ. ಈಗ ನಮ್ಮಂಥ ಸುದ್ದಿತಾಣಗಳಿಗೂ ಸರ್ಕಾರಿ ಜಾಹೀರಾತಿನ ಬಾಗಿಲು ತೆರೆದಿದೆ. ಕೇಂದ್ರದ ಡಿಜಿಟಲ್ ಜಾಹೀರಾತು ನೀತಿ 2023ರಲ್ಲಿ ಬಂತು, ರಾಜ್ಯದ ಮಾರ್ಗಸೂಚಿ 2024ರಲ್ಲಿ. ಅದಕ್ಕೇ ನಾನು ಹೇಳೋದು, ದುಡ್ಡೇ ಎಲ್ಲದಕ್ಕೂ ಮೂಲ.

ಮೇಷ್ಟ್ರು: ದುಡ್ಡೇ ಮೂಲ ಆದರೆ, ದುಡ್ಡಿನ ದಾರಿ ಒಂದೇ ಇದ್ದಾಗ ನಡತೆಯೂ ಒಂದೇ ಇರಬೇಕು. ಬಿಬಿಸಿ ನೋಡು. 1926ರ ಸಾರ್ವತ್ರಿಕ ಮುಷ್ಕರದಲ್ಲಿ ವಿರೋಧ ಪಕ್ಷದ ನಾಯಕ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್‌ಗೆ ಮಾತಾಡೋಕೆ ಬಿಡಲಿಲ್ಲ. 1956ರ ಸೂಯೆಜ್ ಯುದ್ಧದಲ್ಲಿ ಪ್ರಧಾನಿ ಈಡನ್‌ಗೆ ಎಷ್ಟು ಸಿಟ್ಟು ಬಂದರೂ ವಿರೋಧ ಪಕ್ಷದ ಗೈಟ್‌ಸ್ಕೆಲ್ ಉತ್ತರವನ್ನ ಪ್ರಸಾರ ಮಾಡಿತು. ಎರಡು ಸಲವೂ ದುಡ್ಡು ಕೇಳುಗರ ಲೈಸೆನ್ಸ್ ಶುಲ್ಕದ್ದೇ. ನಡುವೆ 1927ರಲ್ಲಿ ಅದು ರಾಜ ಸನ್ನದು ಪಡೆದ ನಿಗಮ ಆಯಿತು, ಮಂತ್ರಿ ಮುಂದೆ ನಿಂತು ‘ಆಗಲ್ಲ’ ಅನ್ನೋ ಅಭ್ಯಾಸ ಬೆಳೆಯಿತು.

ಶಂಕರಣ್ಣ: ರೇಡಿಯೋಗೆ ಲೈಸೆನ್ಸ್ ನಮ್ಮಲ್ಲೂ ಇತ್ತಲ್ಲ. ನಮ್ಮಪ್ಪ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟಾಂಪ್ ಅಂಟಿಸ್ಕೊಂಡು ಬರೋರು.

ಮೇಷ್ಟ್ರು: ಅದನ್ನೇ ಹೇಳೋಕೆ ಹೊರಟಿದ್ದೆ. 1980ರ ದಶಕದ ನಡುವಿನವರೆಗೂ ನಾವು ಕಟ್ಟಿದೆವು. ಬ್ರಿಟನ್ನಿನವರ ಹಾಗೇ ಕೇಳುಗರ ಕಾಸು. ಆದರೆ ಅದು ಹೋಗ್ತಿದ್ದದ್ದು ಸರ್ಕಾರದ ಖಜಾನೆಗೆ, ಆಕಾಶವಾಣಿ ನಡೀತಿದ್ದದ್ದು ಮಂತ್ರಾಲಯದ ಒಂದು ಕಚೇರಿಯಾಗಿ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹೋದ ಸುದ್ದಿಯನ್ನ ಬಿಬಿಸಿ ಹಗಲೇ ಹೇಳಿತು. ದೆಹಲಿಯಲ್ಲೇ ಕೂತಿದ್ದ ಆಕಾಶವಾಣಿ ಸಂಜೆ ಆರರ ಹೊತ್ತಿನವರೆಗೂ ಬಾಯಿ ಬಿಡಲಿಲ್ಲ. ದುಡ್ಡು ಯಾರು ಕೊಡ್ತಾರೆ ಅನ್ನೋದಕ್ಕಿಂತ, ಸುಮ್ಮನಿರು ಅಂತ ಹೇಳೋ ಅಧಿಕಾರ ಯಾರ ಕೈಯಲ್ಲಿದೆ ಅನ್ನೋದನ್ನ ಮೊದಲು ಕೇಳಬೇಕು.

ಸುಮಾ: ಆಕಾಶವಾಣಿ ನಡೆಸೋಕೆ ಈಗ ಪ್ರಸಾರ ಭಾರತಿ ಇದೆಯಲ್ಲ. 1990ರ ಕಾಯ್ದೆ, 1997ರಲ್ಲಿ ನಿಗಮ. ಸ್ವಾಯತ್ತ ಸಂಸ್ಥೆ ಅಂತಲೇ ಹೆಸರು.

ಮೇಷ್ಟ್ರು: ಸಂಬಳ ಕೇಂದ್ರದ ಅನುದಾನದಿಂದ. 2017ರಲ್ಲಿ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯ ದಿನದ ಭಾಷಣವನ್ನ, ಮಾತು ಬದಲಾಯಿಸದೆ ಪ್ರಸಾರ ಮಾಡೋಕಾಗಲ್ಲ ಅಂದರು. 2024ರ ಲೋಕಸಭಾ ಚುನಾವಣೆಯಲ್ಲಿ ವಿರೋಧ ಪಕ್ಷದ ಸೀತಾರಾಮ್ ಯೆಚೂರಿ ಭಾಷಣದಿಂದ ಕೆಲವು ಪದ ತೆಗೆಸಿದರು. ಇದು ಇವತ್ತಿನ ಸರ್ಕಾರದ ಕಾಯಿಲೆ ಮಾತ್ರ ಅಂದ್ಕೋಬೇಡ. ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳನ್ನ ನಮ್ಮವರು, ತಟಸ್ಥರು, ವಿರೋಧಿಗಳು ಅಂತ ವಿಂಗಡಿಸಿ ಜಾಹೀರಾತು ಹಂಚಿದ್ದು ಆಮೇಲೆ ಅದರ ತನಿಖೆಗೆ ಕೂತ ಶಾ ಆಯೋಗದ ಮುಂದೆ ಬಂತು.

ಶಂಕರಣ್ಣ: ಇಷ್ಟೆಲ್ಲ ಆದರೂ ನಾನು ಆಕಾಶವಾಣಿ ನಂಬ್ತೀನಿ ಮೇಷ್ಟ್ರೇ. ಎಲ್ಲದಕ್ಕೂ ಅಲ್ಲ. ಕೆಆರ್‌ಎಸ್ ನೀರಿನ ಮಟ್ಟ ಇಷ್ಟು ಅಡಿ ಅಂದ್ರೆ ನಂಬ್ತೀನಿ. ಭತ್ತಕ್ಕೆ ಬೆಂಕಿರೋಗ, ಈ ಔಷಧಿ ಹೊಡೀರಿ ಅಂದ್ರೆ ನಂಬ್ತೀನಿ. ಯೋಜನೆಯಿಂದ ಇಷ್ಟು ಲಕ್ಷ ಜನಕ್ಕೆ ಅನುಕೂಲ ಆಯ್ತು ಅಂದ ತಕ್ಷಣ ಆಫ್ ಮಾಡ್ತೀನಿ.

ಮೇಷ್ಟ್ರು: ಯಾಕೆ ಹಾಗೆ?

ಶಂಕರಣ್ಣ: ನಮ್ಮ ಗದ್ದೆ ಕೆಆರ್‌ಎಸ್‌ನಿಂದ ಬರೋ ವಿ.ಸಿ. ನಾಲೆ ಕೊನೇ ಭಾಗದಲ್ಲಿದೆ. ಅಣೆಕಟ್ಟೆ 124.80 ಅಡಿ ತುಂಬ್ತು ಅಂತ ಸುಳ್ಳು ಹೇಳಿದ್ರೆ ಹದಿನೈದು ದಿನದಲ್ಲಿ ನಾಲೆಯೇ ಹೇಳ್ತದೆ. ಲಕ್ಷ ಜನದ ಲೆಕ್ಕವ ನಾನೆಲ್ಲಿ ಹೋಗಿ ಎಣಿಸಲಿ?

ಮೇಷ್ಟ್ರು: ನ್ಯಾಯ ದರ್ಶನದವರ ಪರತಃಪ್ರಾಮಾಣ್ಯ ಅಂದರೆ ಇದೇ! ಕೇಳಿದ ಮಾತು ನಿಜ ಅನ್ನೋದು ಆ ಮಾತಿನಿಂದಲೇ ಗೊತ್ತಾಗಲ್ಲ, ಹೊರಗಿನ ಪರೀಕ್ಷೆ ಬೇಕು ಅಂತ ಅವರ ವಾದ. ಅವರು ಕೊಡೋ ಉದಾಹರಣೆಯೂ ನೀರಿನದೇ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ, ಹೋಗಿ ಕುಡಿದ ಮೇಲೆ ಗೊತ್ತು. ಮೀಮಾಂಸಾ ದರ್ಶನದವರು ಒಪ್ಪಲ್ಲ. ಪ್ರತಿ ಅರಿವಿಗೂ ಇನ್ನೊಂದು ಅರಿವಿನ ಸಾಕ್ಷಿ ಬೇಕು ಅಂದರೆ ಅದಕ್ಕೆ ಕೊನೆಯೇ ಇಲ್ಲ. ಆದ್ದರಿಂದ ದೋಷ ಕಾಣಿಸೋವರೆಗೂ ನಂಬಿಕೊಂಡೇ ನಡೆಯಬೇಕು ಅಂತಾರೆ.

ಸುಮಾ: ನನಗೆ ಮೀಮಾಂಸಕರ ಕಷ್ಟವೇ ಹೆಚ್ಚು ಅರ್ಥ ಆಗುತ್ತೆ. ಶಂಕರಣ್ಣನ ಹತ್ತಿರ ನಾಲೆ ಇದೆ. ಮಣಿಪುರದಲ್ಲಿ ಏನಾಯಿತು, ಬಜೆಟ್ಟಿನಲ್ಲಿ ಯಾವ ಬಾಬ್ತು ಕಡಿತವಾಯಿತು, ಲಸಿಕೆ ಸುರಕ್ಷಿತವೇ, ಇವಕ್ಕೆಲ್ಲ ನಾಲೆ ಎಲ್ಲಿದೆ? ಸುದ್ದಿಯ ಮುಕ್ಕಾಲು ಪಾಲನ್ನ ಓದುಗ ಪರೀಕ್ಷಿಸೋಕೇ ಆಗಲ್ಲ. ಹೇಳಿದವರ ಮೇಲೆ ನಂಬಿಕೆ ಇಡಲೇಬೇಕು.

ಮೇಷ್ಟ್ರು: ಹಾಗಾದರೆ ನಂಬಿಕೆಗೆ ಯೋಗ್ಯರು ಯಾರು? ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು, ಅಂಥವರನ್ನ ಆಪ್ತರು ಅಂದರು. ವಿಷಯವನ್ನ ಇದ್ದ ಹಾಗೆ ಬಲ್ಲವರು, ಬಲ್ಲದ್ದನ್ನ ಇದ್ದ ಹಾಗೇ ಹೇಳೋ ಇಚ್ಛೆ ಇರೋರು. ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಒಂದು ಹೆಜ್ಜೆ ಮುಂದೆ ಹೋಗಿ, ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದೊಂದೇ ಲಕ್ಷಣ ಅಂದ. ಹುಟ್ಟು ಕುಲ ನೋಡಬೇಡ ಅಂತ. ಸರ್ಕಾರಿ, ಖಾಸಗಿ ಅನ್ನೋದು ಮಾಧ್ಯಮದ ಕುಲ ಇದ್ದ ಹಾಗೆ. ಆಕಾಶವಾಣಿ ಅನ್ನೋ ಹೆಸರಿಟ್ಟು ಇದೇ ಊರಿನಲ್ಲಿ 1935ರಲ್ಲಿ ರೇಡಿಯೋ ಶುರು ಮಾಡಿದವರು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ, ಸ್ವಂತ ಮನೆಯಲ್ಲಿ. ಆಮೇಲೆ ಅದು ಸಂಸ್ಥಾನದ ಸರ್ಕಾರಕ್ಕೆ, ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರಕ್ಕೆ ಸೇರಿತು. ಅದರ ಕುಲ ಯಾವುದು ಹೇಳು.

ಶಂಕರಣ್ಣ: ಈಗಿನ ಹುಡುಗರು ಪೇಪರನ್ನೂ ನಂಬಲ್ಲ, ಟಿವಿನೂ ನಂಬಲ್ಲ. ಎಲ್ಲಾ ಮಾರಾಟವಾಗವ್ರೆ ಅಂತಾರೆ. ಆದ್ರೆ ವಾಟ್ಸ್ಯಾಪಿನಲ್ಲಿ ಬಂದದ್ದ ಕಣ್ಣಿಗೊತ್ಕೊಂಡು ನಾಲ್ಕು ಗ್ರೂಪಿಗೆ ಹಾಕ್ತಾರೆ. ಯಾರು ಬರೆದ್ರು, ಯಾವೂರು ಅಂತ ಕೇಳಲ್ಲ.

ಮೇಷ್ಟ್ರು: ಮೀಮಾಂಸಕರು ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ಕರ್ತೃವಿನ ದೋಷವೂ ಅದಕ್ಕೆ ತಟ್ಟದು ಅಂದರು. ವಾಟ್ಸ್ಯಾಪ್ ನಮ್ಮ ಕಾಲದ ಅಪೌರುಷೇಯ! ಬರೆದವರ ಹೆಸರಿಲ್ಲ, ಹಾಗಾಗಿ ಬೈಯೋಕೂ ಯಾರೂ ಇಲ್ಲ. ಪತ್ರಿಕೆಯಲ್ಲಿ ಸಂಪಾದಕರ ಹೆಸರು, ಮುದ್ರಕರ ವಿಳಾಸ ಅಚ್ಚಾಗಿರುತ್ತೆ. ಮಾನನಷ್ಟ ಕೇಸು ಹಾಕಬಹುದು, ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಎಲ್ಲರೂ ಸುಳ್ಳುಗಾರರು ಅಂದುಬಿಟ್ಟರೆ ಹೆಸರು ಹಾಕಿ ಬರೆಯೋರಿಗೂ ಹಾಕದವರಿಗೂ ವ್ಯತ್ಯಾಸವೇ ಉಳಿಯಲ್ಲ. ಅದರ ಲಾಭ ಅಧಿಕಾರದಲ್ಲಿ ಇರೋರಿಗೆ. ನಿಜವಾದ ಹಗರಣ ಹೊರಬಂದಾಗಲೂ ‘ಮಾಧ್ಯಮದವರು ಹೀಗೇ’ ಅಂದು ಅವರು ಪಾರಾಗ್ತಾರೆ.

ಸುಮಾ: ಸುಳ್ಳು ಯಾವುದು ಅಂತ ನಾವೇ ಹೇಳ್ತೀವಿ ಅಂತ ಸರ್ಕಾರ ಮುಂದೆ ಬಂತಲ್ಲ. ಕೇಂದ್ರಕ್ಕೆ ಸಂಬಂಧಿಸಿದ ಸುದ್ದಿ ಸುಳ್ಳೋ ನಿಜವೋ ಅಂತ ಕೇಂದ್ರದ್ದೇ ಘಟಕ ಗುರುತಿಸಬೇಕು ಅಂತ 2023ರಲ್ಲಿ ಐಟಿ ನಿಯಮ ತಿದ್ದಿದರು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನ ರದ್ದು ಮಾಡಿತು.

ಮೇಷ್ಟ್ರು: ವಾದಿಯೇ ನ್ಯಾಯಾಧೀಶನಾದರೆ ತೀರ್ಪಿಗೆ ಬೆಲೆ ಇಲ್ಲ. ನನ್ನ ಕೈಗೊಂದು ಸುದ್ದಿತಾಣ ಕೊಟ್ಟರೆ ನಾನು ಮೂರು ನೋಡ್ತೀನಿ. ದುಡ್ಡು ಕೊಡೋರಿಗೆ ನೋವಾಗೋ ಸುದ್ದಿಯನ್ನ ಅದು ಯಾವತ್ತಾದರೂ ಹಾಕಿದೆಯಾ? ತಪ್ಪು ಮಾಡಿದಾಗ ತಪ್ಪಾದ ಜಾಗದಲ್ಲೇ ತಿದ್ದಿದೆಯಾ? ಬರೆದವರು ಹೆಸರು ಹಾಕ್ತಾರಾ? ಮೂರಕ್ಕೂ ಹೌದು ಅಂದರೆ ಸರ್ಕಾರದ ದುಡ್ಡಾದರೂ ಓದ್ತೀನಿ.

ಸುಮಾ: ಇಲ್ಲಿ ನಿಮ್ಮದು ಸ್ವಲ್ಪ ಸಲೀಸಾಯಿತು ಮೇಷ್ಟ್ರೇ. ಸುಮ್ಮನಿರು ಅಂತ ಹೇಳೋ ಅಧಿಕಾರ ಯಾರದು ಅಂತ ಕೇಳಿದಿರಿ. ನನಗೆ ಯಾರೂ ಸುಮ್ಮನಿರು ಅನ್ನಲಿಲ್ಲವಲ್ಲ. ನೀರಿನ ಘಟಕದ ವರದಿ ಹಾಗಾದ ಮೇಲೆ ಆ ಇಲಾಖೆ ಬಗ್ಗೆ ಬರೆಯೋದನ್ನ ನಾನೇ ಬಿಟ್ಟೆ. ಹೇಗೂ ಒಳಪುಟಕ್ಕೆ ಹೋಗುತ್ತೆ, ಸುಮ್ಮನೆ ಯಾಕೆ ಪೆಟ್ರೋಲ್ ಸುಡಲಿ ಅಂತ. ಜಾಹೀರಾತಿನ ದುಡ್ಡು ಒಂದೇ ಕೈಯಲ್ಲಿದ್ದರೆ ಆದೇಶವೇ ಬೇಕಾಗಲ್ಲ. ನಿಮ್ಮ ಮೂರು ಪ್ರಶ್ನೆಯೂ ಬರೆದ ಸುದ್ದಿಯನ್ನ ಪರೀಕ್ಷಿಸುತ್ತೆ. ಬರೆಯದೇ ಹೋದದ್ದನ್ನ ಹಿಡಿಯಲ್ಲ.

ಮೇಷ್ಟ್ರು: (ಸ್ವಲ್ಪ ಹೊತ್ತು ಬಿಟ್ಟು) ಇದು ಗಟ್ಟಿ ಆಕ್ಷೇಪಣೆ. ವಕ್ತೃದೋಷ, ಅಂದರೆ ಹೇಳುವವನ ದೋಷ, ಹುಡುಕೋ ತರ್ಕಕ್ಕೆ ವಕ್ತೃ ಬಾಯೇ ತೆರೆಯದಿದ್ದರೆ ಹಿಡಿಯೋಕೆ ಏನೂ ಸಿಗಲ್ಲ. ಹಾಗಾದರೆ ಆದೇಶ ಕೊಡೋ ಬಾಯಿಯ ಜೊತೆಗೆ ದುಡ್ಡು ಹಂಚೋ ಕೈಯೂ ಕಾಣಬೇಕು. ಪ್ರಸಾರ ಭಾರತಿ ಕಾಯ್ದೆಯ 23ನೇ ಕಲಮಿನಲ್ಲಿ ಒಂದು ಒಳ್ಳೇ ವ್ಯವಸ್ಥೆ ಇದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಕ್ಕೆ ಇದನ್ನ ಪ್ರಸಾರ ಮಾಡಬೇಡಿ, ಇದನ್ನ ಮಾಡಿ ಅಂತ ಕೇಂದ್ರ ನಿರ್ದೇಶನ ಕೊಡಬಹುದು. ಆದರೆ ಪ್ರತಿ ನಿರ್ದೇಶನದ ಪ್ರತಿಯನ್ನೂ ಸಂಸತ್ತಿನ ಎರಡೂ ಸದನದಲ್ಲಿ ಇಡಬೇಕು. ಇದು ಸರ್ಕಾರ ಹೇಳಿ ಮಾಡಿಸಿದ ಪ್ರಸಾರ ಅಂತ ಕೇಳುಗರಿಗೆ ಹೇಳೋ ಅವಕಾಶವೂ ಪ್ರಸಾರ ಭಾರತಿಗಿದೆ. ಬರಹದಲ್ಲಿ ಆದೇಶ ಕೊಟ್ಟರೆ ದಾಖಲೆ ಉಳಿಯುತ್ತೆ, ಜಾಹೀರಾತು ಏರಿಸಿ ಇಳಿಸಿದರೆ ಓದುಗರಿಗೆ ಗೊತ್ತೇ ಆಗಲ್ಲ.

ಶಂಕರಣ್ಣ: ನಾಲೆಗೆ ಎಷ್ಟು ಕ್ಯೂಸೆಕ್ ಬಿಟ್ರು ಅಂತ ದಿನಾ ಹೇಳ್ತಾರಲ್ಲ, ಹಂಗೆ ಯಾವ ಪೇಪರಿಗೆ ಎಷ್ಟು ಬಿಟ್ರು ಅಂತ ಹೇಳಿಬಿಟ್ರೆ?

ಸುಮಾ: ಕೇಳಿದರೆ ಹೇಳಲೇಬೇಕು ಶಂಕರಣ್ಣ. ಮಾಧ್ಯಮ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಗೆ ಯಾವ ತಿಂಗಳು ಎಷ್ಟು ಜಾಹೀರಾತು ಹೋಯಿತು, ಯಾರದು ನಿಂತಿತು, ಯಾವ ಮಾನದಂಡದ ಮೇಲೆ, ಎಲ್ಲಾ ಕಡತದಲ್ಲಿ ಇರುತ್ತೆ. ದುಡ್ಡು ನಮ್ಮ ತೆರಿಗೆಯದು.

ಮೇಷ್ಟ್ರು: ಸರ್ಕಾರ ಸುದ್ದಿಗೆ ದುಡ್ಡು ಕೊಡೋದು ತಪ್ಪು ಅಂತ ನಾನು ಈಗಲೂ ಹೇಳಲ್ಲ. ನಾಲೆಯ ಕೊನೇ ಊರಿನ ಸುದ್ದಿಗೆ ಯಾವ ಜಾಹೀರಾತುದಾರನೂ ಬರಲ್ಲ. ಅಂಥಾ ಕಡೆ ಜನರ ದುಡ್ಡೇ ಬೇಕು. ಗುಟ್ಟಾಗಿ ಕೊಡೋದು, ಗುಟ್ಟಾಗಿ ನಿಲ್ಲಿಸೋದು ತಪ್ಪು. ಮಾಧ್ಯಮವನ್ನ ನಂಬಬೇಕೋ ಬೇಡವೋ ಅಂತ ಮನೇಲಿ ಕೂತು ತರ್ಕ ಮಾಡೋರು ಮೊದಲು ಆ ಲೆಕ್ಕ ತರಿಸಿಕೊಳ್ಳಲಿ.

ಶಂಕರಣ್ಣ: ಅದಕ್ಕೆ ಲಾಯರು ಬೇಕಾ ಮೇಡಂ?

ಸುಮಾ: ಬೇಡ. ನೂರೈವತ್ತು ಪದದೊಳಗೆ ಒಂದು ಅರ್ಜಿ ಬರೆದು ವಾರ್ತಾ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಶುಲ್ಕ 10 ರೂಪಾಯಿ. ಮಾಹಿತಿ ಹಕ್ಕು ಕಾಯ್ದೆ ಪ್ರಕಾರ 30 ದಿನದೊಳಗೆ ಉತ್ತರ ಕೊಡಬೇಕು.