ಸಾಸಿವೆ ಡಬ್ಬಿಯ ಹಣ

2025ರ ಏಪ್ರಿಲ್ 12ರಂದು ದೇಶದ ಉದ್ದಗಲಕ್ಕೂ ಯುಪಿಐ ಕೆಲವು ಗಂಟೆ ಕೈಕೊಟ್ಟಿತು. ಖಾತೆಯಲ್ಲಿ ಸಾವಿರಗಳಿದ್ದರೂ ಒಂದು ಮೊಳ ಹೂವಿಗೆ ದುಡ್ಡು ಕೊಡಲಾಗದ ಸ್ಥಿತಿ! ಫೋನು, ಚಾರ್ಜು, ಸಿಗ್ನಲ್ಲು, ಎರಡೂ ಕಡೆಯ ಬ್ಯಾಂಕು, ಇವೆಲ್ಲ ಒಟ್ಟಿಗೆ ಮನಸ್ಸು ಮಾಡಿದರೆ ಮಾತ್ರ ನಮ್ಮ ಹಣ ನಮ್ಮದು.

ಆದರೆ ನನ್ನನ್ನು ಹೆಚ್ಚು ಕಾಡುವುದು ಅದು ಕೆಟ್ಟ ದಿನವಲ್ಲ, ಸರಿಯಾಗಿರುವ ದಿನ. ನಮ್ಮ ಅಮ್ಮಂದಿರು ಮನೆಖರ್ಚಿನಲ್ಲಿ ಉಳಿಸಿದ್ದನ್ನು ಸಾಸಿವೆ ಡಬ್ಬಿಯಲ್ಲೋ ಸೀರೆಯ ಮಡಿಕೆಯಲ್ಲೋ ಇಡುತ್ತಿದ್ದರು. ತವರಿಗೆ ಹೋಗುವ ಬಸ್ ಚಾರ್ಜು, ತಂಗಿಯ ಮಗುವಿಗೊಂದು ಅಂಗಿ... ಯಾರಿಗೂ ಲೆಕ್ಕ ಒಪ್ಪಿಸಬೇಕಿರಲಿಲ್ಲ. ಈಗ ಗಂಡನ ಖಾತೆಯಿಂದ ಐವತ್ತು ರೂಪಾಯಿ ಹೋದರೂ ಅವರ ಫೋನು ಟಿಣ್ ಎನ್ನುತ್ತದೆ. 'ಯಾರಿಗೆ ಕೊಟ್ಟೆ?' ಎಂದು ಅವರು ಪ್ರೀತಿಯಿಂದಲೇ ಕೇಳಬಹುದು. ಆದರೂ ಉತ್ತರ ಹೇಳಬೇಕಲ್ಲ!

ಗುಟ್ಟಾಗಿ ಇಟ್ಟರೆ ಅದು ಮೋಸವಲ್ಲವೇ ಎನ್ನುವಿರಿ. ಇನ್ನೊಬ್ಬರ ಪಾಲನ್ನು ಕಸಿದರೆ ಮೋಸ. ಆಟೋ ಹತ್ತದೆ ಬಿಸಿಲಲ್ಲಿ ನಡೆದುಬಂದು ಉಳಿಸಿದ ಮೂವತ್ತು ರೂಪಾಯಿ ಯಾರ ಪಾಲು ಹೇಳಿ? ಸಂಬಳದ ಕವರಿನಿಂದ ಇಸ್ಪೀಟಿಗೆ ತೆಗೆದಿಟ್ಟುಕೊಂಡ ಗಂಡಸರನ್ನು ಯಾರೂ ಹೀಗೆ ಕೇಳಿದ್ದಿಲ್ಲ.

ನಗದೇನೂ ಅಮೃತ ಕುಡಿದು ಬಂದದ್ದಲ್ಲ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದಾಗ ಎಷ್ಟೋ ಡಬ್ಬಿಗಳು ಮನೆಯವರೆದುರು ಬಾಯಿ ಬಿಡಬೇಕಾಯಿತು. 'ಅಬ್ಬಾ, ಎಷ್ಟು ಬಚ್ಚಿಟ್ಟಿದ್ದೀಯೇ!' ಎಂದು ನಕ್ಕರು. ಅದನ್ನು ಯಾವ ಕಷ್ಟಕ್ಕೆಂದು ಕೂಡಿಟ್ಟಿದ್ದಳೋ, ಕೇಳಿದವರು ಕಡಿಮೆ.

ನನ್ನ ಮಗಳು ಊರಿಗೆ ಹೊರಟಾಗಲೆಲ್ಲ ನೂರರ ಕೆಲವು ನೋಟುಗಳನ್ನು ಮಡಿಸಿ ಅವಳ ಪರ್ಸಿಗೆ ತುರುಕುತ್ತೇನೆ. 'ಫೋನಿದೆಯಲ್ಲಮ್ಮ' ಎನ್ನುತ್ತಾಳೆ. ಇರಲಿ. ಆಮೇಲೆ ಅದನ್ನೇನು ಮಾಡಿದಳೆಂದು ನಾನು ಕೇಳುವುದಿಲ್ಲ.