ಮನಸ್ಸಿನ ವೇಗ ಮತ್ತು ಸಾಕ್ಷಿಯ ವಿವೇಕ



ಕೋಪ ಬಂದೊಡನೆ ನಾವು ಅದರ ಕಾರಣವನ್ನು ಎದುರಿನವರಲ್ಲಿ ಹುಡುಕುತ್ತೇವೆ. ‘ಅವರು ಹಾಗೆ ನಡೆದುಕೊಂಡದ್ದರಿಂದ ನಾವು ಹೀಗೆ ಮಾತನಾಡಬೇಕಾಯಿತು’ ಎಂಬುದು ನಮ್ಮೆಲ್ಲರ ಸಮರ್ಥನೆ. ಆದರೆ ಅವರ ನಡತೆಗೂ ನಮ್ಮ ಮಾತಿಗೂ ನಡುವೆ ನಮ್ಮ ಮನಸ್ಸು ಸದ್ದಿಲ್ಲದೆ ಮಾಡುವ ಕೆಲಸವೊಂದಿದೆ. ಅದನ್ನು ಅರಿಯದೆ ಕೋಪವನ್ನು ಗೆಲ್ಲಲಾಗದು. ಶ್ರೀಮದ್ಭಾಗವತದ ಪ್ರಥಮಸ್ಕಂಧದಲ್ಲಿ ಬರುವ ಪರೀಕ್ಷಿತ ಮಹಾರಾಜನ ವೃತ್ತಾಂತವು ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ.

ಪರೀಕ್ಷಿತನು ಸಾಮಾನ್ಯನಲ್ಲ. ಗರ್ಭದಲ್ಲಿರುವಾಗಲೇ ಶ್ರೀಕೃಷ್ಣನಿಂದ ರಕ್ಷಿತನಾದವನು; ಕಲಿಯನ್ನು ನಿಗ್ರಹಿಸಿದವನು. ಅಂಥವನು ಒಂದು ದಿನ ಬೇಟೆಯಲ್ಲಿ ಬಳಲಿ, ಹಸಿವು ಬಾಯಾರಿಕೆಗಳಿಂದ ಕಂಗೆಟ್ಟು, ಶಮೀಕ ಋಷಿಗಳ ಆಶ್ರಮವನ್ನು ಹೊಕ್ಕು ನೀರು ಬೇಡಿದನು. ಋಷಿಗಳು ಧ್ಯಾನಮಗ್ನರಾಗಿದ್ದರು. ಆಸನವೂ ಸಿಗಲಿಲ್ಲ, ನೀರೂ ಸಿಗಲಿಲ್ಲ, ಒಂದು ಒಳ್ಳೆಯ ಮಾತೂ ಕೇಳಿಬರಲಿಲ್ಲ. ‘ಇವರು ನಿಜವಾಗಿ ಸಮಾಧಿಯಲ್ಲಿರುವರೋ, ಅಥವಾ ನನ್ನನ್ನು ಕಡೆಗಣಿಸಿ ಸುಮ್ಮನೆ ಕಣ್ಣು ಮುಚ್ಚಿರುವರೋ’ ಎಂಬ ಶಂಕೆ ಅವನಲ್ಲಿ ಹುಟ್ಟಿತು. ಹಿಂದೆಂದೂ ಬಾರದಿದ್ದ ಕೋಪ ಬಂದಿತು. ಸತ್ತ ಹಾವೊಂದನ್ನು ಬಿಲ್ಲಿನ ತುದಿಯಿಂದೆತ್ತಿ ಮುನಿಗಳ ಹೆಗಲಿಗೆ ಹಾಕಿ ಹೊರಟುಹೋದನು.

ಇದನ್ನು ಅರ್ಥಮಾಡಿಕೊಳ್ಳಲು ಶ್ರೀಮದಾಚಾರ್ಯರ ಸಿದ್ಧಾಂತವೇ ನಮಗೆ ದಾರಿದೀಪ. ಮನಸ್ಸು ಬೇರೆ, ಸಾಕ್ಷಿ ಬೇರೆ. ಸಾಕ್ಷಿಯು ಜೀವನ ಸ್ವರೂಪೇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅನುಭವಿಸುವ ಅದರ ಜ್ಞಾನದಲ್ಲಿ ತಪ್ಪಿಗೆ ಅವಕಾಶವಿಲ್ಲ. ಮನಸ್ಸಿನಿಂದಾಗುವ ಜ್ಞಾನವಾದರೋ ಸರಿಯೂ ಆಗಿರಬಹುದು, ಸಂಶಯವೂ ಭ್ರಮೆಯೂ ಆಗಿರಬಹುದು. ರಾಜನ ಬಾಯಾರಿಕೆಯ ಸಂಕಟವು ಸಾಕ್ಷಿಸಿದ್ಧ, ಅದು ನಿಜ. ‘ನನ್ನನ್ನು ಕಡೆಗಣಿಸಿದರು’ ಎಂಬುದು ಮನಸ್ಸು ಕಟ್ಟಿದ ಊಹೆ, ಅದು ಸುಳ್ಳಾಗಿತ್ತು. ಸುಳ್ಳಾದ ಆ ಊಹೆಯನ್ನು ನಿಜವಾದ ಸಂಕಟದ ಜೊತೆಗೆ ಸೇರಿಸಿ ನಂಬಿದ್ದರಿಂದಲೇ ಅನರ್ಥವಾಯಿತು.

ಮಹಾನಗರಗಳಲ್ಲಿ ನೆಲೆಸಿದ ನಮ್ಮ ಪಾಡೂ ಇದೇ ಅಲ್ಲವೇ? ಲೋಕಲ್ ರೈಲಿನಲ್ಲಿ ಗಂಟೆಗಟ್ಟಲೆ ನಿಂತು ಬಂದು ಮನೆಯ ಬಾಗಿಲು ತಟ್ಟುತ್ತೇವೆ. ತೆರೆಯಲು ಸ್ವಲ್ಪ ತಡವಾದರೆ ‘ಈ ಮನೆಯಲ್ಲಿ ನಮಗೆ ಬೆಲೆಯಿಲ್ಲ’ ಎನ್ನಿಸುತ್ತದೆ. ಊರಿನಲ್ಲಿರುವ ತಮ್ಮ ಮೊಬೈಲಿನ ಸಂದೇಶಕ್ಕೆ ಉತ್ತರಿಸದಿದ್ದರೆ ‘ಬೇಕೆಂದೇ ಸುಮ್ಮನಿದ್ದಾನೆ’ ಎಂದುಕೊಳ್ಳುತ್ತೇವೆ. ಆಯಾಸವೂ ನಿಜ, ಬೇಸರವೂ ನಿಜ. ಉಳಿದದ್ದು ಮನಸ್ಸಿನ ಊಹೆ. ಅದನ್ನು ಪರೀಕ್ಷಿಸದೆ ಆಡಿದ ಒಂದು ಮಾತಿನಿಂದ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾವು ಕಂಡಿಲ್ಲವೇ?

ಋಷಿಕುಮಾರನಾದ ಶೃಂಗಿಯೂ ತಡೆದುಕೊಳ್ಳಲಿಲ್ಲ. ಏಳನೆಯ ದಿನ ತಕ್ಷಕನು ರಾಜನನ್ನು ಕಚ್ಚಲೆಂದು ಶಪಿಸಿ, ತಂದೆಯ ಬಳಿಗೆ ಬಂದು ಗಟ್ಟಿಯಾಗಿ ಅತ್ತನು. ಶಮೀಕರು ಕಣ್ಣು ತೆರೆದು, ಹೆಗಲ ಮೇಲಿನ ಹಾವನ್ನು ತೆಗೆದು ಬಿಸುಟು, ‘ಮಗು, ಏಕೆ ಅಳುತ್ತೀಯೆ?’ ಎಂದು ಕೇಳಿದರು. ಹಾವು ಯಾರು ಹಾಕಿದರೆಂಬ ವಿಚಾರಣೆಗೆ ಮೊದಲು ಮಗನ ಕಣ್ಣೀರು ಅವರಿಗೆ ಕಂಡಿತು. ಶಾಪದ ವಿಷಯ ತಿಳಿದಾಗ, ಅಲ್ಪಾಪರಾಧಕ್ಕೆ ಮಹಾದಂಡವಾಯಿತೆಂದು ಮರುಗಿದರು.

ಕೋಪ ಹುಟ್ಟಲೇಬಾರದೆಂದು ಭಗವಂತನು ನಮ್ಮನ್ನು ಒಮ್ಮೆಲೇ ನಿರ್ಬಂಧಿಸಲಿಲ್ಲ. ಕಾಮಕ್ರೋಧಗಳ ವೇಗವನ್ನು ಸಹಿಸಬಲ್ಲವನೇ ಯೋಗಿ, ಅವನೇ ಸುಖಿ ಎಂದು ಗೀತೆಯ ಐದನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ವೇಗವೆಂದ ಮೇಲೆ ಅದು ಬರುವಂತೆ ಇಳಿದೂ ಹೋಗತಕ್ಕದ್ದು. ಇಳಿಯುವ ತನಕ ನಾಲಿಗೆಯನ್ನು ಹಿಡಿದುಕೊಳ್ಳೋಣ. ಒಂದು ಲೋಟ ನೀರು ಕುಡಿದು, ಹರಿನಾಮವನ್ನು ಸ್ಮರಿಸಿ, ‘ಇದರಲ್ಲಿ ನಾವು ಅನುಭವಿಸಿದ್ದೆಷ್ಟು, ಊಹಿಸಿದ್ದೆಷ್ಟು?’ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಇದು ಒಂದು ದಿನದಲ್ಲಿ ಸಿದ್ಧಿಸುವುದಲ್ಲ. ಮನೋನಿಯಾಮಕರಾದ ರುದ್ರದೇವರನ್ನೂ, ಅವರ ಅಂತರ್ಯಾಮಿಯಾದ ಶ್ರೀಹರಿಯನ್ನೂ ನಿತ್ಯ ಪ್ರಾರ್ಥಿಸುತ್ತ ಅಭ್ಯಾಸದಿಂದ ಸಾಧಿಸಬೇಕಾದದ್ದು.

ಪರೀಕ್ಷಿತನು ಅರಮನೆಗೆ ಮರಳಿ ತನ್ನ ಕೃತ್ಯಕ್ಕಾಗಿ ಪರಿತಪಿಸುತ್ತಿರುವಾಗಲೇ ಶಾಪದ ಸುದ್ದಿ ಬಂದಿತು. ನೀರು ಸಿಗದಿದ್ದುದಕ್ಕೆ ಸಿಡಿದೆದ್ದವನು, ಪ್ರಾಣವೇ ಹೋಗುವುದೆಂದು ಕೇಳಿದಾಗ ಸಿಡಿಯಲಿಲ್ಲ. ಗಂಗಾತೀರದಲ್ಲಿ ಕುಳಿತು ಶುಕಮುನಿಗಳಿಂದ ಭಾಗವತವನ್ನು ಕೇಳಿದನು. ಅದೇ ಮನಸ್ಸು, ಈಗ ಹರಿಯಲ್ಲಿ ನೆಟ್ಟಿತ್ತು. ನಮ್ಮ ಮನಸ್ಸಿಗೂ ಆ ನೆಲೆ ದೊರೆಯಲೆಂದು ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು.