ಸಂತತಿಯ ಲೆಕ್ಕವೂ ಬಾಳಿನ ಬೆಲೆಯೂ

ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗದ ಮನೆಯಲ್ಲಿ ಬಂಧುಬಳಗದ ಮೊದಲ ಮಾತು ಸೊಸೆಯ ಮೇಲೆ ಬೀಳುತ್ತದೆ; ಎರಡನೆಯ ಮಾತು ಆಕೆಯ ಪೂರ್ವಕರ್ಮದ ಮೇಲೆ. ಮೊದಲನೆಯದನ್ನು ವಿಜ್ಞಾನದ ಬೆಳಕಿನಲ್ಲಿಯೂ ಎರಡನೆಯದನ್ನು ಧರ್ಮದ ಬೆಳಕಿನಲ್ಲಿಯೂ ಪರೀಕ್ಷಿಸುವುದು ವಿವೇಕಿಗಳ ಕರ್ತವ್ಯವಾಗಿದೆ.

ಸಂತಾನಶಕ್ತಿಯು ಅನೇಕ ಕಾರಣಗಳ ಕೂಟದಿಂದ ಉಂಟಾಗತಕ್ಕದ್ದು. ವಯಸ್ಸು, ರೋಗ, ಜೀವನಕ್ರಮಗಳೊಡನೆ ತಂದೆತಾಯಿಗಳಿಂದ ಬಂದ ವಂಶವಾಹಿಗಳೂ ಅದರಲ್ಲಿ ಪಾಲುಗೊಳ್ಳುತ್ತವೆ. ಉದಾಹರಣೆಗೆ, ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವಿನ ಒಂದು ನಿರ್ದಿಷ್ಟ ಭಾಗವು ಲೋಪವಾಗಿದ್ದರೆ ವೀರ್ಯಾಣುಗಳು ತೀರ ವಿರಳವಾಗುತ್ತವೆ, ಇಲ್ಲವೆ ಉತ್ಪತ್ತಿಯೇ ಆಗುವುದಿಲ್ಲ. ಅಂಥ ಪುರುಷನು ಉಳಿದೆಲ್ಲ ವಿಷಯಗಳಲ್ಲಿ ಆರೋಗ್ಯವಂತನಾಗಿರಬಹುದು. ಪತಿಯನ್ನು ಪರೀಕ್ಷಿಸದೆ ಪತ್ನಿಯ ಮೇಲೆ ದೋಷ ಹೊರಿಸುವುದು ಎಷ್ಟು ಅನ್ಯಾಯವೆಂಬುದು ಇದರಿಂದಲೇ ಸ್ಪಷ್ಟ.

ಹಿಂದಿನ ಕಾಲದಲ್ಲಿ ಇಂಥ ಲೋಪವು ಬಹುಮಟ್ಟಿಗೆ ಆ ಒಂದು ತಲೆಮಾರಿಗೇ ನಿಲ್ಲುತ್ತಿತ್ತು. ಹೆಚ್ಚು ಸಂತತಿಯುಳ್ಳವರ ವಂಶವಾಹಿಗಳು ಮುಂದಿನ ತಲೆಮಾರಿನಲ್ಲಿ ಹೆಚ್ಚುವುದೂ ಸಂತತಿಯಿಲ್ಲದವರವು ಕಡಿಮೆಯಾಗುವುದೂ ನಿಸರ್ಗದ ಆಯ್ಕೆಯೆನಿಸುತ್ತದೆ. ವೈದ್ಯಶಾಸ್ತ್ರ ಬೆಳೆದ ಮೇಲೆ ಈ ಆಯ್ಕೆ ನಿಂತುಹೋಯಿತೆಂದು ಭಾವಿಸುವವರುಂಟು. ಅದು ನಿಂತಿಲ್ಲ. ಐಸ್‌ಲ್ಯಾಂಡಿನಲ್ಲಿ 1910ರಿಂದ 1990ರವರೆಗೆ ಜನಿಸಿದವರ ವಂಶವಾಹಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ತೋರಿಸಿತು. ದೀರ್ಘಕಾಲದ ವಿದ್ಯಾಭ್ಯಾಸದೊಡನೆ ಸಂಬಂಧ ಹೊಂದಿದ ವಂಶವಾಹಿಭೇದಗಳು ಹೆಚ್ಚಾಗಿರುವವರಿಗೆ ಸರಾಸರಿ ಮಕ್ಕಳು ಕಡಿಮೆ. ಆದುದರಿಂದ ಆ ಭೇದಗಳು ತಲೆಮಾರಿನಿಂದ ತಲೆಮಾರಿಗೆ ಅತ್ಯಲ್ಪ ಪ್ರಮಾಣದಲ್ಲಿ ಇಳಿಯುತ್ತ ಬಂದಿವೆ.

ಇದರಿಂದ ವಿದ್ಯೆ ಕೀಳೆಂದು ಯಾರಾದರೂ ಹೇಳುವರೇ? ನಿಸರ್ಗವು ಎಣಿಸುವುದು ಸಂತತಿಯನ್ನೇ ಹೊರತು ಗುಣವನ್ನಲ್ಲ. ದಿಗಂಬರ ಪರಂಪರೆಯಂತೆ ವಾಸುಪೂಜ್ಯ, ಮಲ್ಲಿನಾಥ, ನೇಮಿನಾಥ, ಪಾರ್ಶ್ವನಾಥ, ಮಹಾವೀರ ಎಂಬ ಐವರು ತೀರ್ಥಂಕರರು ವಿವಾಹವಾಗದ ಬಾಲಯತಿಗಳು. ನಿಸರ್ಗದ ಲೆಕ್ಕದಲ್ಲಿ ಅವರ ಪಾಲು ಶೂನ್ಯ. ಲೋಕವಾದರೋ ಅವರನ್ನು ಇಂದಿಗೂ ವಂದಿಸುತ್ತದೆ. ಶ್ರವಣಬೆಳಗೊಳದ ಶಾಸನಗಳು ಗುರುವಿನಿಂದ ಶಿಷ್ಯನಿಗೆ ಹರಿದ ಪರಂಪರೆಯನ್ನು ಆದರದಿಂದ ಹೆಸರಿಸುತ್ತವೆ. ರಕ್ತಸಂಬಂಧವಿಲ್ಲದೆಯೂ ಮುಂದುವರಿಯುವ ವಂಶವೊಂದುಂಟೆಂಬುದಕ್ಕೆ ಅವು ಸಾಕ್ಷಿ.

ಆದರೂ ಗೃಹಸ್ಥನಿಗೆ ಮಗುವಿನ ಹಂಬಲ ತಪ್ಪಲ್ಲ. ಒಂದೇ ವೀರ್ಯಾಣುವನ್ನು ಸೂಕ್ಷ್ಮವಾದ ಸೂಜಿಯಿಂದ ಅಂಡದೊಳಕ್ಕೆ ಸೇರಿಸುವ ‘ಇಕ್ಸಿ’ ಎಂಬ ವಿಧಾನವು 1992ರಿಂದ ಬಳಕೆಗೆ ಬಂದು, ಮೇಲೆ ಹೇಳಿದ ಲೋಪವುಳ್ಳವರಲ್ಲಿಯೂ ಕೆಲವರನ್ನು ತಂದೆಯರನ್ನಾಗಿ ಮಾಡಿದೆ. ಆದರೆ ಹಾಗೆ ಹುಟ್ಟಿದ ಮಗನಿಗೆ ಅದೇ ಲೋಪವು ಸಂಕ್ರಮಿಸುತ್ತದೆ. ತಾನು ಪಟ್ಟ ನೋವನ್ನು ತಿಳಿದೂ ತಿಳಿದೂ ಮಗನಿಗೆ ಉಳಿಸುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಉತ್ತರ ಸರಳವಲ್ಲ. ಸಂತಾನವಿಲ್ಲದ ಬಾಳು ವ್ಯರ್ಥವೆನ್ನುವವರಿಗೆ ಮಾತ್ರ ಆ ಲೋಪವು ಮಹಾವಿಪತ್ತಾಗಿ ಕಾಣುವುದು. ಬಾಳಿನ ಬೆಲೆ ಸಂತತಿಯಲ್ಲಿಲ್ಲವೆಂದು ಒಪ್ಪಿದವನು ಮಗನಿಗೆ ಕೊಟ್ಟ ಜನ್ಮವನ್ನೇ ಅಪಕಾರವೆಂದು ಎಣಿಸಲಾರನು. ಅವನಿಂದ ಧರ್ಮವು ಬೇಡುವುದು ಸತ್ಯವನ್ನು: ಚಿಕಿತ್ಸೆಗೆ ಮೊದಲು ಪರೀಕ್ಷೆ ಮಾಡಿಸಿ ಅರಿತಿರಬೇಕು, ಪ್ರಾಯಕ್ಕೆ ಬಂದ ಮಗನಿಂದ ಅದನ್ನು ಮುಚ್ಚಿಡಬಾರದು. ಗರ್ಭಕ್ಕೆ ಸೇರಿಸುವಷ್ಟೇ ಭ್ರೂಣಗಳನ್ನು ಉಂಟುಮಾಡಬೇಕೆಂದು ವೈದ್ಯರನ್ನು ಕೇಳಿಕೊಳ್ಳುವುದೂ ಅಹಿಂಸಾವ್ರತಿಗೆ ಯುಕ್ತ. ದತ್ತು ಸ್ವೀಕಾರದ ದಾರಿಯಂತೂ ತೆರೆದೇ ಇದೆ.

ಇನ್ನು ಪೂರ್ವಕರ್ಮದ ಮಾತು. ಕರ್ಮಸಿದ್ಧಾಂತವು ತನ್ನ ನಡೆಯನ್ನು ತಿದ್ದಿಕೊಳ್ಳುವುದಕ್ಕೆ ಇರುವುದೇ ಹೊರತು ಪರರನ್ನು ಹಂಗಿಸುವುದಕ್ಕಲ್ಲ. ಪರರಿಗೆ ದುಃಖಶೋಕಗಳನ್ನುಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಮಕ್ಕಳಿಲ್ಲದವಳ ಕರ್ಮವನ್ನು ಎಣಿಸಲು ಕುಳಿತವರು ಆ ಗಳಿಗೆಯಲ್ಲಿ ಕಟ್ಟಿಕೊಳ್ಳುತ್ತಿರುವುದು ತಮ್ಮ ಕರ್ಮವನ್ನೇ.